ಪೋರ್ಟಲ್ 2: ಮೊದಲ ಕೋಣೆಯಿಂದ ಕಡೆಯ ಗುರಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಗೋಡೆಯಲ್ಲೊಂದು ಕಂಡಿ, ನೆಲದಲ್ಲೊಂದು ಕಂಡಿ. ಒಂದರೊಳಗೆ ಹೊಕ್ಕರೆ ಇನ್ನೊಂದರಿಂದ ಹೊರಬರಬಹುದು. ಪೋರ್ಟಲ್ ಎಂಬ ಈ ಕಂಡಿಗಳನ್ನು ಗನ್ನಿನಿಂದ ಗುರಿಯಿಟ್ಟು ಹಾಕುತ್ತಾ ಕೋಣೆಯಿಂದ ಕೋಣೆಗೆ ದಾರಿ ಹುಡುಕುವುದು, ಪೋರ್ಟಲ್ ಎಂಬ ವಿಡಿಯೊ ಆಟಗಳ ಮೂಲ ಬಂಡವಾಳ ಇಷ್ಟೇ. ಅಮೆರಿಕದ ಡಿಜಿಪೆನ್ ಸಂಸ್ಥೆಯ ವಿದ್ಯಾರ್ಥಿಗಳು 2005ರಲ್ಲಿ ರಚಿಸಿದ ನಾರ್ಬಾಕ್ಯುಲರ್ ಡ್ರಾಪ್ ಎಂಬ ಪುಟ್ಟ ಆಟದಲ್ಲಿ ಕಾಣಿಸಿಕೊಂಡ ಈ ಕಲ್ಪನೆಯನ್ನು ಮೆಚ್ಚಿದ ವಾಲ್ವ್ ಕಂಪನಿ, ಆ ವಿದ್ಯಾರ್ಥಿಗಳನ್ನೇ ಕೆಲಸಕ್ಕೆ ಸೇರಿಸಿಕೊಂಡು 2007ರ ಅಕ್ಟೋಬರ್‌ನಲ್ಲಿ ಪೋರ್ಟಲ್ ಅನ್ನೂ 2011ರ ಏಪ್ರಿಲ್‌ನಲ್ಲಿ ಪೋರ್ಟಲ್ 2 ಅನ್ನೂ ಹೊರತಂದಿತು. ಅಭಿಮಾನಿಗಳು ಎಷ್ಟು ಕಾದರೂ ಮೂರನೆಯದು ಬರಲಿಲ್ಲ. ಆದ್ದರಿಂದ ಚೆಲ್ ಎಂಬ ಮಾತಾಡದ ನಾಯಕಿಯ ಕಥೆಗೆ ಈ ಎರಡನೆಯ ಆಟವೇ ಮುಕ್ತಾಯ.

ಆಟದಲ್ಲಿ ಒಂಬತ್ತು ಅಧ್ಯಾಯಗಳಿವೆ. ಒಂದೊಂದು ಕೋಣೆಗೂ ಇಲ್ಲಿ ನಿಂತು ಅಲ್ಲಿ ಗುರಿಯಿಡಿ ಎಂದು ಉತ್ತರ ಬರೆದುಕೊಡುವುದು ಈ ಬರಹದ ಉದ್ದೇಶವಲ್ಲ, ಹಾಗೆ ಮಾಡಿದರೆ ಆಡುವುದಕ್ಕೇ ಏನೂ ಉಳಿಯುವುದಿಲ್ಲ. ಪ್ರತಿ ಅಧ್ಯಾಯದಲ್ಲಿ ಹೊಸದಾಗಿ ಏನು ಕೈಗೆ ಬರುತ್ತದೆ, ಅದನ್ನು ಹೇಗೆ ಬಳಸಬೇಕು, ಹೆಚ್ಚಿನವರು ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬುದನ್ನು ವಿವರಿಸಿ, ಕೊನೆಯ ಕಾಳಗವನ್ನು ಮಾತ್ರ ಹೆಜ್ಜೆ ಹೆಜ್ಜೆಯಾಗಿ ಹೇಳಿದ್ದೇನೆ. ಕಥೆಯ ತಿರುವುಗಳನ್ನು ಮೊದಲೇ ತಿಳಿಯಲು ಇಷ್ಟವಿಲ್ಲದವರು ಮೊದಲ ಮೂರು ಭಾಗಗಳನ್ನು ಓದಿ ಆಟಕ್ಕೆ ಕೂರುವುದು ಒಳ್ಳೆಯದು.

ಆಡಲು ಕೂರುವ ಮುನ್ನ

ಆಟದ ಮಾತುಗಳಿಗೆ ಕನ್ನಡ ಅಡಿಬರಹ ಇಲ್ಲ. ಆದರೆ ಇಂಗ್ಲಿಷ್ ಅಡಿಬರಹವನ್ನು ಆಡಿಯೊ ಆಯ್ಕೆಗಳಲ್ಲಿ ತಪ್ಪದೆ ಚಾಲೂ ಮಾಡಿಕೊಳ್ಳಿ. ವೀಟ್ಲಿ ಎಂಬ ಗೋಲಾಕಾರದ ರೋಬಾಟ್‌ಗೆ ದನಿ ಕೊಟ್ಟಿರುವ ಸ್ಟೀಫನ್ ಮರ್ಚೆಂಟ್ ಅವರ ಬ್ರಿಟಿಷ್ ಉಚ್ಚಾರ ಬಿಡುವಿಲ್ಲದೆ ಹರಿಯುವುದರಿಂದ ಕಿವಿಗೆ ಎಷ್ಟೇ ಅಭ್ಯಾಸವಿದ್ದರೂ ಅರ್ಧ ತಮಾಷೆ ತಪ್ಪಿಹೋಗುತ್ತದೆ. ಅದೂ ಅಲ್ಲದೆ, ಕೆಲವು ಮಾತುಗಳಲ್ಲಿ ಮುಂದಿನ ಒಗಟಿನ ಸುಳಿವೇ ಇರುತ್ತದೆ.

ಕಂಪ್ಯೂಟರ್‌ನಲ್ಲಿ ಆಡುವವರಿಗೆ ಮೌಸ್‌ನ ಎಡಗುಂಡಿ ನೀಲಿ ಪೋರ್ಟಲ್, ಬಲಗುಂಡಿ ಕಿತ್ತಳೆ ಪೋರ್ಟಲ್. ಬೇಗ ಸೇವ್ ಮಾಡಲು ಎಫ್6, ಹಿಂದಿರುಗಲು ಎಫ್9. ಆಟ ತಾನೇ ಆಗಾಗ ಸೇವ್ ಮಾಡಿಕೊಳ್ಳುತ್ತದೆಯಾದರೂ, ದೊಡ್ಡ ನೆಗೆತಕ್ಕೆ ಮುನ್ನ ಎಫ್6 ಒತ್ತುವುದು ರೂಢಿಯಾಗಲಿ. ಜೂಮ್ ಮಾಡುವ ಗುಂಡಿ ಯಾವುದೆಂದು ಕೀಲಿಗಳ ಪಟ್ಟಿಯಲ್ಲಿ ನೋಡಿಟ್ಟುಕೊಳ್ಳಿ. ಮೊದಲ ಐದು ಅಧ್ಯಾಯಗಳಲ್ಲಿ ಅದರ ಅಗತ್ಯ ಬೀಳದು, ಆರನೆಯದರಲ್ಲಿ ಅದಿಲ್ಲದೆ ನಡೆಯದು. ತಲೆ ಸುತ್ತುವ ಸ್ವಭಾವದವರು ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು, ಏಕೆಂದರೆ ನೆಲದಿಂದ ಹೊಕ್ಕು ಗೋಡೆಯಿಂದ ಹೊರಬರುವಾಗ ಪರದೆಯ ಮೇಲಿನ ಲೋಕ ಪಕ್ಕಕ್ಕೆ ಉರುಳುತ್ತದೆ.

ಕೋಣೆಯನ್ನು ಓದುವ ಕ್ರಮ

ಈ ಆಟದಲ್ಲಿ ಬುದ್ಧಿವಂತಿಕೆಗಿಂತ ಮೊದಲು ಬೇಕಾದದ್ದು ಕಣ್ಣು. ಕೋಣೆಯ ಬಾಗಿಲಲ್ಲಿ ಒಂದು ಬೆಳಗುವ ಫಲಕವಿರುತ್ತದೆ. ಅದರಲ್ಲಿ ಕೋಣೆಯ ಸಂಖ್ಯೆಯೂ, ಕೆಳಗೆ ಸಣ್ಣ ಚಿತ್ರಗಳ ಸಾಲೂ ಇರುತ್ತವೆ. ಲೇಸರ್, ಘನಾಕೃತಿಯ ಪೆಟ್ಟಿಗೆ, ಹಾರಿಸುವ ಹಲಗೆ, ವಿಷದ ನೀರು ಹೀಗೆ ಈ ಕೋಣೆಯಲ್ಲಿ ಎದುರಾಗುವ ವಸ್ತುಗಳ ಚಿತ್ರ ಮಾತ್ರ ಅಲ್ಲಿ ಉರಿಯುತ್ತದೆ. ಎಂದರೆ ಒಗಟಿನ ಸಾಮಗ್ರಿ ಪಟ್ಟಿಯನ್ನು ಬಾಗಿಲಲ್ಲೇ ಕೈಗೆ ಕೊಟ್ಟಿರುತ್ತಾರೆ. ಇದನ್ನು ಓದದೆ ಒಳಗೆ ಓಡುವವರೇ ಹೆಚ್ಚು.

ಒಳಗೆ ಹೋದ ಮೇಲೆ ಏನನ್ನೂ ಮುಟ್ಟದೆ ಮೊದಲು ನಿರ್ಗಮನದ ಬಾಗಿಲನ್ನು ಹುಡುಕಿ. ಬಾಗಿಲಿನಿಂದ ಗೋಡೆಯ ಮೇಲೂ ನೆಲದ ಮೇಲೂ ಚುಕ್ಕಿಗಳ ಸಾಲೊಂದು ಹೊರಟಿರುತ್ತದೆ. ಅದನ್ನು ಹಿಂಬಾಲಿಸಿದರೆ ಆ ಬಾಗಿಲನ್ನು ತೆರೆಯುವ ಗುಂಡಿಯೋ ಲೇಸರ್ ಹಿಡಿಯುವ ಕಣ್ಣೋ ಸಿಗುತ್ತದೆ. ಚುಕ್ಕಿಗಳು ನೀಲಿಯಾಗಿದ್ದರೆ ಕೆಲಸ ಬಾಕಿ ಇದೆ, ಕಿತ್ತಳೆಯಾದರೆ ಆಗಿದೆ. ಒಂದೇ ಬಾಗಿಲಿಗೆ ಎರಡು ಸಾಲು ಬಂದು ಸೇರಿದ್ದರೆ ಎರಡು ಕೆಲಸಗಳನ್ನು ಒಂದೇ ಹೊತ್ತಿನಲ್ಲಿ ಹಿಡಿದಿಡಬೇಕೆಂದು ಅರ್ಥ. ಆಮೇಲೆ ಆ ಗುಂಡಿಗೆ ಏನು ಬೇಕು, ಪೆಟ್ಟಿಗೆ ಬೇಕಾದರೆ ಅದು ಎಲ್ಲಿಂದ ಬೀಳುತ್ತದೆ, ಅದನ್ನು ಬೀಳಿಸುವ ಗುಂಡಿಯನ್ನು ತಲಪುವುದು ಹೇಗೆ ಎಂದು ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ. ಬಾಗಿಲಿನಿಂದ ನಿಮ್ಮ ಕಾಲಬುಡದವರೆಗೆ ಹಿಮ್ಮುಖವಾಗಿ ಬಂದ ಈ ದಾರಿಯೇ ಉತ್ತರ. ಮುಂದಕ್ಕೆ ಯೋಚಿಸಿದರೆ ಹತ್ತು ದಾರಿ ಕಾಣುತ್ತವೆ, ಹಿಂದಕ್ಕೆ ಯೋಚಿಸಿದರೆ ಒಂದೋ ಎರಡೋ ಉಳಿಯುತ್ತವೆ.

ಮೂರನೆಯದಾಗಿ ಬಿಳಿ ಜಾಗಗಳನ್ನು ಎಣಿಸಿ. ಪೋರ್ಟಲ್ ಹತ್ತುವುದು ಬಿಳಿಯ ಚಪ್ಪಟೆ ಫಲಕಗಳ ಮೇಲೆ ಮಾತ್ರ. ಕಪ್ಪು ಲೋಹದ ಮೇಲೆ ಹತ್ತದು. ಕೋಣೆಯನ್ನು ಕಟ್ಟಿದವರು ಬಿಳಿ ಫಲಕವನ್ನು ಸುಮ್ಮನೆ ಎಲ್ಲೋ ಅಂಟಿಸಿರುವುದಿಲ್ಲ. ಎತ್ತರದ ಗೋಡೆಯಲ್ಲಿ ಒಂಟಿಯಾಗಿ ಒಂದು ಬಿಳಿ ಚೌಕವಿದ್ದರೆ, ಅದರ ಎದುರಿನ ದಂಡೆಗೆ ಯಾರೋ ಹಾರಿ ಹೋಗಬೇಕಾಗಿದೆ. ಓರೆಯಾಗಿ ಎದ್ದ ಬಿಳಿ ಫಲಕ ಕಂಡರೆ, ಅದು ಎತ್ತ ಮುಖ ಮಾಡಿದೆಯೋ ಅತ್ತ ಕಣ್ಣು ಹಾಯಿಸಿ. ನೀವು ಇಳಿಯಬೇಕಾದ ಜಾಗ ಅಲ್ಲೇ ಇರುತ್ತದೆ.

ಇನ್ನೊಂದು ಮುಖ್ಯ ವಿಷಯ ಫಿಜ್ಲರ್. ನಿರ್ಗಮನದ ಬಳಿಯೂ ಕೆಲವೊಮ್ಮೆ ಕೋಣೆಯ ನಡುವೆಯೂ ಮಿನುಗುವ ತೆಳುಪರದೆಯಂತೆ ಕಾಣುವ ಇದನ್ನು ದಾಟಿದರೆ ನೀವು ಹಾಕಿದ್ದ ಪೋರ್ಟಲ್‌ಗಳು ಅಳಿಸಿಹೋಗುತ್ತವೆ, ಕೈಯಲ್ಲಿದ್ದ ಪೆಟ್ಟಿಗೆ ಕರಗುತ್ತದೆ. ಕೋಣೆಯ ನಡುವೆ ಫಿಜ್ಲರ್ ಇದ್ದರೆ ಅದರ ಆಚೆಗೆ ಬರಿಗೈಯಲ್ಲಿ ಹೋಗಿ, ಅಲ್ಲಿಯ ಬಿಳಿ ಗೋಡೆಗಳಿಂದಲೇ ಕೆಲಸ ಸಾಗಿಸಬೇಕು.

ಬೀಳುವುದನ್ನು ಕಲಿಯುವುದು

ಚೆಲ್ ತೊಟ್ಟಿರುವ ಉದ್ದ ಬೂಟುಗಳ ದೆಸೆಯಿಂದ ಎಷ್ಟು ಎತ್ತರದಿಂದ ಬಿದ್ದರೂ ಆಕೆಗೆ ಪೆಟ್ಟಾಗುವುದಿಲ್ಲ. ಬೀಳುವುದು ಇಲ್ಲಿ ಅಪಾಯವಲ್ಲ, ಇಂಧನ. ಪೋರ್ಟಲ್‌ನೊಳಗೆ ಎಷ್ಟು ವೇಗದಲ್ಲಿ ಹೊಕ್ಕರೋ ಅಷ್ಟೇ ವೇಗದಲ್ಲಿ ಹೊರಬರುತ್ತೀರಿ. ಬದಲಾಗುವುದು ದಿಕ್ಕು ಮಾತ್ರ. ನೆಲದ ಪೋರ್ಟಲ್‌ಗೆ ಮೇಲಿಂದ ಬಿದ್ದು ಗೋಡೆಯ ಪೋರ್ಟಲ್‌ನಿಂದ ಹೊರಬಂದರೆ, ಕೆಳಮುಖವಾಗಿದ್ದ ವೇಗವೆಲ್ಲ ಅಡ್ಡಕ್ಕೆ ತಿರುಗಿ ನಿಮ್ಮನ್ನು ಕಂದಕದ ಆಚೆಗೆ ಎಸೆಯುತ್ತದೆ.

ಎಷ್ಟು ಎತ್ತರದಿಂದ ಬೀಳಬೇಕು ಎಂಬ ಅಂದಾಜಿಗೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಬೀಳುವ ವಸ್ತುವಿನ ವೇಗ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಎತ್ತರವನ್ನು ಇಮ್ಮಡಿ ಮಾಡಿದರೆ ವೇಗ ಸುಮಾರು 1.4 ಪಟ್ಟಾಗುತ್ತದೆ, ವೇಗ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಮಡಿಯಾಗಬೇಕು. ಆದ್ದರಿಂದ ಆಚೆ ದಂಡೆಗೆ ಒಂದಡಿ ಕಡಿಮೆಯಾಗಿ ಬಿದ್ದಿರಾದರೆ ಸ್ವಲ್ಪ ಮೇಲೆ ಹತ್ತಿ ಬಿದ್ದರೆ ಸಾಕು. ಅರ್ಧ ದಾರಿಯಲ್ಲೇ ಬಿದ್ದಿರಾದರೆ ಜಾಗವನ್ನೇ ಬದಲಾಯಿಸಬೇಕು. ಅದೇ ಕೋಣೆಯಲ್ಲಿ ಇನ್ನೂ ಎತ್ತರದ ಜಗುಲಿ ಎಲ್ಲಿಯೂ ಕಾಣದಿದ್ದರೆ ಎರಡು ಸಲ ಬೀಳುವ ಉಪಾಯವಿದೆ. ಮೊದಲ ಎಸೆತದಲ್ಲಿ ಗಾಳಿಯಲ್ಲಿರುವಾಗಲೇ ಕೆಳಗಿನ ಬಿಳಿ ನೆಲಕ್ಕೆ ಇನ್ನೊಂದು ಪೋರ್ಟಲ್ ಹೊಡೆದು ಅದರೊಳಗೆ ಬಿದ್ದರೆ, ಮೊದಲಿನ ಎತ್ತರದ ಜೊತೆಗೆ ಈಗಿನದೂ ಸೇರಿ ಎರಡನೆಯ ಎಸೆತ ದೂರ ಹೋಗುತ್ತದೆ.

ಅಭ್ಯಾಸಕ್ಕೆ ಒಂದು ಸರಳ ಪಾಠ: ನೇರ ಕೆಳಗಿರುವ ಪೋರ್ಟಲ್ ಮೇಲೆ ಬೀಳುವಾಗ ಮುಂದಕ್ಕೆ ಹೋಗುವ ಕೀಲಿಯನ್ನು ಬಿಟ್ಟುಬಿಡಿ. ಹೊಸಬರು ಭಯಕ್ಕೆ ಅದನ್ನು ಒತ್ತಿಹಿಡಿದು ಪೋರ್ಟಲ್‌ನ ಅಂಚಿಗೆ ಬಡಿದು ನಿಲ್ಲುತ್ತಾರೆ. ದಂಡೆಯ ತುದಿಯಲ್ಲಿ ನಿಂತು, ಕೆಳಗೆ ನೋಡಿ, ಒಂದು ಹೆಜ್ಜೆ ಇಟ್ಟು ಕೈ ತೆಗೆಯಿರಿ. ಉಳಿದದ್ದನ್ನು ಗುರುತ್ವ ನೋಡಿಕೊಳ್ಳುತ್ತದೆ.

ಒಂದರಿಂದ ನಾಲ್ಕನೆಯ ಅಧ್ಯಾಯ

ಮೊದಲ ಅಧ್ಯಾಯ ಪರಿಚಯ ಪಾಠ. ಹಾಳುಬಿದ್ದ ಅಪರ್ಚರ್ ಪ್ರಯೋಗಾಲಯದಲ್ಲಿ ಚೆಲ್ ನಿದ್ದೆಯಿಂದ ಏಳುತ್ತಾಳೆ, ವೀಟ್ಲಿ ಜೊತೆಯಾಗುತ್ತಾನೆ, ನೀಲಿ ಪೋರ್ಟಲ್ ಮಾತ್ರ ಹಾಕಬಲ್ಲ ಗನ್ ಸಿಗುತ್ತದೆ. ಕಿತ್ತಳೆ ಪೋರ್ಟಲ್ ಕೋಣೆಯಲ್ಲಿ ಮೊದಲೇ ಎಲ್ಲೋ ಇರುತ್ತದೆ. ಅದನ್ನು ಹುಡುಕಿದರೆ ಅರ್ಧ ಒಗಟು ಬಿಟ್ಟಂತೆ. ವೀಟ್ಲಿಯ ಅಚಾತುರ್ಯದಿಂದ ಗ್ಲಾಡೋಸ್ ಎಂಬ ಯಂತ್ರಬುದ್ಧಿ ಎಚ್ಚರಗೊಂಡು ಚೆಲ್‌ಳನ್ನು ಕಸ ಸುಡುವ ಕುಲುಮೆಗೆ ಎಸೆಯುತ್ತದೆ. ಎರಡೂ ಬಣ್ಣದ ಗನ್ ಸಿಗುವುದು ಅಲ್ಲಿಯೇ.

ಎರಡನೆಯ ಅಧ್ಯಾಯದ ಹೊಸ ವಸ್ತು ಲೇಸರ್. ಅದು ಬಿಳಿ ಗೋಡೆಗೆ ಬಡಿಯುವ ಜಾಗದಲ್ಲಿ ಒಂದು ಪೋರ್ಟಲ್ ಇಟ್ಟರೆ ಇನ್ನೊಂದರಿಂದ ಹೊರಡುತ್ತದೆ. ಪೋರ್ಟಲ್‌ನ ಮಧ್ಯಕ್ಕೆ ಬಡಿದದ್ದು ಮಧ್ಯದಿಂದಲೇ ಹೊರಬರುತ್ತದೆ, ಮೇಲಂಚಿಗೆ ಬಡಿದದ್ದು ಮೇಲಂಚಿನಿಂದ. ಹಿಡಿಯುವ ಕಣ್ಣಿಗೆ ಒಂದು ಗೇಣು ತಪ್ಪಿದ್ದರೆ ಎರಡರಲ್ಲೊಂದು ಪೋರ್ಟಲ್ ಅನ್ನು ಆ ಗೇಣಿನಷ್ಟು ಸರಿಸಿ. ಲೆನ್ಸ್ ಇರುವ ಪೆಟ್ಟಿಗೆ ಸಿಕ್ಕ ಮೇಲೆ ಲೇಸರ್ ಅನ್ನು ಬೇಕಾದ ಕಡೆಗೆ ತಿರುಗಿಸಬಹುದು. ಪೆಟ್ಟಿಗೆಯನ್ನು ಎತ್ತಿ ಹಿಡಿದು, ನೀವು ನೋಡುವ ದಿಕ್ಕಿಗೆ ಲೇಸರ್ ಹರಿಯುವಂತೆ ನಿಂತು, ಹಾಗೆಯೇ ಕೆಳಗಿಟ್ಟರಾಯಿತು.

ಮೂರನೆಯದರಲ್ಲಿ ಬೆಳಕಿನ ಸೇತುವೆಯೂ, ಕಂಡ ಕೂಡಲೇ ಗುಂಡು ಹಾರಿಸುವ ಟರೆಟ್ ಎಂಬ ಯಂತ್ರಗಳೂ ಬರುತ್ತವೆ. ಸೇತುವೆಯನ್ನು ಸೇತುವೆ ಎಂದಷ್ಟೇ ನೋಡುವವರು ಇಲ್ಲಿ ಒದ್ದಾಡುತ್ತಾರೆ. ಪೋರ್ಟಲ್‌ನ ಮೂಲಕ ಅಡ್ಡ ತಿರುಗಿಸಿದರೆ ಅದು ಗೋಡೆ; ಟರೆಟ್‌ಗಳ ಗುಂಡೇಟಿಗೆ ಗುರಾಣಿ. ಈ ಅಧ್ಯಾಯದ ಕೊನೆಯ ಕೋಣೆ ನನಗೆ ಬಹಳ ಇಷ್ಟ. ಕೈ ಎಟುಕದ ಗುಂಡಿಯ ಮೇಲೆ ಪೆಟ್ಟಿಗೆ ಇಡಬೇಕು. ಸೇತುವೆ ಗುಂಡಿಯ ನೆತ್ತಿಯ ಮೇಲೆ ಹಾಯುವಂತೆ ಮಾಡಿ, ಪೆಟ್ಟಿಗೆಯನ್ನು ಸೇತುವೆಯ ಮೇಲೆ ಸರಿಯಾಗಿ ಅದೇ ಜಾಗದಲ್ಲಿಟ್ಟು, ದೂರ ಬಂದು, ಪೋರ್ಟಲ್ ಅನ್ನು ಬೇರೆಡೆಗೆ ಹೊಡೆದರೆ ಸೇತುವೆ ಮಾಯವಾಗಿ ಪೆಟ್ಟಿಗೆ ದಡ್ಡನೆ ಗುಂಡಿಯ ಮೇಲೆ ಬೀಳುತ್ತದೆ. ಕಾಲ ಕೆಳಗಿನ ಚಾಪೆ ಎಳೆದ ಹಾಗೆ. ಒಂದು ವಸ್ತುವನ್ನು ಹಾಕುವುದಷ್ಟೇ ಅಲ್ಲ, ಸರಿಯಾದ ಹೊತ್ತಿಗೆ ತೆಗೆಯುವುದೂ ಒಂದು ನಡೆ ಎಂದು ಆಟ ಕಲಿಸುವುದು ಇಲ್ಲಿ. ಎಂಟನೆಯ ಅಧ್ಯಾಯದವರೆಗೂ ಇದು ಮತ್ತೆ ಮತ್ತೆ ಬೇಕಾಗುತ್ತದೆ.

ಟರೆಟ್‌ಗಳಿಗೆ ಎದುರಿನಿಂದ ಹೋಗಬೇಡಿ. ಹಿಂದಿನಿಂದ ಬಂದು ಎತ್ತಿ ಕೆಡವಬಹುದು, ತಲೆಯ ಮೇಲಿಂದ ಪೆಟ್ಟಿಗೆ ಬೀಳಿಸಬಹುದು, ಲೇಸರ್ ಹಾಯಿಸಿ ಸ್ವಲ್ಪ ಹೊತ್ತು ಹಿಡಿದರೆ ಸಿಡಿದುಹೋಗುತ್ತವೆ. ನಾಲ್ಕನೆಯ ಅಧ್ಯಾಯದಲ್ಲಿ ಹೊಸ ವಸ್ತು ಏನೂ ಇಲ್ಲ, ಇರುವ ಲೇಸರ್‌ಗಳ ಸಂಖ್ಯೆ ಹೆಚ್ಚುತ್ತದೆ ಅಷ್ಟೇ.

ಐದನೆಯ ಅಧ್ಯಾಯ: ಎರಡು ಬುಡಮೇಲು ಕೆಲಸಗಳು

ಗ್ಲಾಡೋಸ್‌ನ ಕೋಣೆಗಳಿಂದ ತಪ್ಪಿಸಿಕೊಂಡ ಮೇಲೆ ಅದರ ಎರಡು ಅಸ್ತ್ರಗಳನ್ನು ನಿಷ್ಕ್ರಿಯಗೊಳಿಸಬೇಕು. ಮೊದಲನೆಯದು ಟರೆಟ್ ಕಾರ್ಖಾನೆ. ಅಲ್ಲಿ ಮಾದರಿಯಾಗಿ ಒಂದು ಒಳ್ಳೆಯ ಟರೆಟ್ ಇಟ್ಟಿರುತ್ತಾರೆ. ಯಂತ್ರ ಪ್ರತಿಯೊಂದನ್ನೂ ಅದರೊಂದಿಗೆ ಹೋಲಿಸಿ ಕೆಟ್ಟದ್ದನ್ನು ಗಾಳಿಗೆ ಎಸೆಯುತ್ತದೆ. ಮಾದರಿಯನ್ನು ಎತ್ತಿದರೆ ಸಾಲದು, ಯಂತ್ರ ನೆನಪಿನಿಂದಲೇ ಕೆಲಸ ಮುಂದುವರಿಸುತ್ತದೆ. ಎಸೆಯಲ್ಪಟ್ಟ ಕೆಟ್ಟ ಟರೆಟ್ ಒಂದನ್ನು ಗಾಳಿಯಲ್ಲೇ ಹಿಡಿದು ತಂದು ಮಾದರಿಯ ಜಾಗದಲ್ಲಿಡಬೇಕು. ಆಮೇಲೆ ಯಂತ್ರ ಕೆಟ್ಟವನ್ನೆಲ್ಲ ಉಳಿಸಿಕೊಂಡು ಒಳ್ಳೆಯವನ್ನೆಲ್ಲ ಬಿಸಾಡುತ್ತದೆ. ಕೆಟ್ಟ ಟರೆಟ್‌ಗಳ ಗೊಣಗಾಟವನ್ನು ಒಂದು ನಿಮಿಷ ನಿಂತು ಕೇಳಿಯೇ ಮುಂದೆ ಹೋಗಿ.

ಎರಡನೆಯದು ವಿಷಾನಿಲದ ಘಟಕ. ದೊಡ್ಡ ತೊಟ್ಟಿಯ ಸುತ್ತ ಕೊಳವೆಗಳಿವೆ, ಗೋಡೆಯಲ್ಲಿ ಚಲಿಸುವ ಬಿಳಿ ಫಲಕವಿದೆ. ಲೇಸರ್ ಬಡಿಯುವ ಜಾಗಕ್ಕೆ ಒಂದು ಪೋರ್ಟಲ್, ಚಲಿಸುವ ಫಲಕದ ಮೇಲೆ ಇನ್ನೊಂದು ಹಾಕಿದರೆ ಲೇಸರ್ ತಾನಾಗಿ ಗರಗಸದಂತೆ ಸರಿದು ಕೊಳವೆಗಳನ್ನು ಕತ್ತರಿಸುತ್ತದೆ. ಸಾಮಾನ್ಯ ಕೋಣೆಗಳಲ್ಲಿ ಚಲಿಸುವ ಜಾಗಕ್ಕೆ ಪೋರ್ಟಲ್ ಹತ್ತುವುದಿಲ್ಲ ಎಂದು ಕಲಿತವರಿಗೆ ಇದು ತಕ್ಷಣ ಹೊಳೆಯುವುದಿಲ್ಲ.

ಇದಾದ ಮೇಲೆ ಗ್ಲಾಡೋಸ್‌ನ ಜಾಗಕ್ಕೆ ವೀಟ್ಲಿಯನ್ನು ಕೂರಿಸುವ ಗುಂಡಿ ಒತ್ತುವಿರಿ. ಅಧಿಕಾರ ಸಿಕ್ಕ ಕ್ಷಣದಲ್ಲೇ ವೀಟ್ಲಿ ಬದಲಾಗುತ್ತಾನೆ. ಗ್ಲಾಡೋಸ್‌ನ ಬುದ್ಧಿಯನ್ನು ಒಂದು ಆಲೂಗಡ್ಡೆಗೆ ಸಿಕ್ಕಿಸಿ, ಇಬ್ಬರನ್ನೂ ಪಾತಾಳಕ್ಕೆ ತಳ್ಳುತ್ತಾನೆ.

ಆರು ಮತ್ತು ಏಳು: ಪಾತಾಳದ ದಾರಿ, ಮೂರು ಜೆಲ್‌ಗಳು

ಆಟವನ್ನು ಅರ್ಧಕ್ಕೆ ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಇಲ್ಲೇ ಎಂಬುದು ನನ್ನ ಅನುಭವ. ಇಲ್ಲಿ ಕೋಣೆಗಳಿಲ್ಲ, ಬಾಗಿಲಲ್ಲಿ ಫಲಕವಿಲ್ಲ, ಚುಕ್ಕಿ ಸಾಲು ವಿರಳ. ಹಳೆಯ ಉಪ್ಪಿನ ಗಣಿಯೊಳಗೆ ಕಟ್ಟಿದ ದೈತ್ಯಾಕಾರದ ಗೋಳಗಳು, ಮುರಿದ ಮೆಟ್ಟಿಲುಗಳು, ಕತ್ತಲು. ಮೊದಲ ಸಲ ಆಡುವಾಗ ಇಲ್ಲಿ ಒಂದು ಜಗುಲಿಯ ಮೇಲೆ ನಿಂತು ಮುಕ್ಕಾಲು ಗಂಟೆ ಸುತ್ತಿದ್ದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಅಕ್ಕನ ಮಗ, "ಮಾಮ, ಮೇಲೆ ಅಲ್ಲಿ ಬೆಳ್ಳಗೆ ಕಾಣ್ತಿದೆಯಲ್ಲ, ಅದೇನು?" ಎಂದ. ಲೈಟಿನ ಬುಡದಲ್ಲಿ ಓರೆಯಾಗಿ ನಿಂತ ಸಿಮೆಂಟಿನ ತುಂಡು ಅದು. ನಾನು ಕಣ್ಣಿನ ಮಟ್ಟಕ್ಕಿಂತ ಮೇಲೆ ನೋಡಿಯೇ ಇರಲಿಲ್ಲ.

ಆದ್ದರಿಂದ ಈ ಎರಡು ಅಧ್ಯಾಯಗಳಿಗೆ ಒಂದು ಕ್ರಮ ಇಟ್ಟುಕೊಳ್ಳಿ. ದಾರಿ ಕಾಣದ ಕಡೆ ನಿಂತು, ಜೂಮ್ ಮಾಡಿ, ಮೊದಲು ಉರಿಯುವ ದೀಪಗಳನ್ನು ಹುಡುಕಿ. ದೀಪ ಬೆಳಗುವ ಗೋಡೆಯ ಮೇಲೆ ಬಿಳಿ ತುಂಡು ಇದೆಯೇ ನೋಡಿ. ಇದ್ದರೆ ಅದರ ಎದುರು ಏನಿದೆ ಎಂದು ತಿರುಗಿ ನೋಡಿ. ಮೂರು ಸಲ ಸುತ್ತು ನೋಡಿದರೂ ಸಿಗದಿದ್ದರೆ ತಲೆ ಎತ್ತಿ ಚಾವಣಿಯ ಕಡೆಗೊಮ್ಮೆ, ತುದಿಗೆ ಬಂದು ಕಾಲ ಕೆಳಗೊಮ್ಮೆ ನೋಡಿ.

ಒಂದೊಂದು ಜೆಲ್‌ಗೂ ಒಂದೊಂದು ಪಂಪ್ ಸ್ಟೇಷನ್ ಇದೆ. ಅದನ್ನು ಚಾಲೂ ಮಾಡಿದ ಮೇಲೆಯೇ ಆ ಬಣ್ಣದ ಜೆಲ್ ಮುಂದಿನ ಗೋಳಗಳಲ್ಲಿ ಹರಿಯುತ್ತದೆ. ಜೆಲ್‌ಗಳ ಕಲ್ಪನೆಯೂ ಡಿಜಿಪೆನ್‌ನ ಇನ್ನೊಂದು ವಿದ್ಯಾರ್ಥಿ ತಂಡದ ಟ್ಯಾಗ್ ಎಂಬ ಆಟದಿಂದ ಬಂದದ್ದು. ಜೆಲ್ ದ್ರವವಾದ್ದರಿಂದ ಪೋರ್ಟಲ್‌ನ ಮೂಲಕ ಹರಿಯುತ್ತದೆ: ಸುರಿಯುವ ಧಾರೆಯ ಕೆಳಗೆ ಒಂದು ಪೋರ್ಟಲ್ ಇಟ್ಟು, ಇನ್ನೊಂದನ್ನು ಬೇಕಾದ ಗೋಡೆಯ ಮೇಲಿಟ್ಟರೆ ಆ ಗೋಡೆಯ ಎದುರಿನ ನೆಲವೆಲ್ಲ ಬಳಿದುಕೊಳ್ಳುತ್ತದೆ. ತಪ್ಪಿ ಬಳಿದರೆ ಚಿಂತೆ ಬೇಡ. ನೀರು ಬೀಳುವ ಕಡೆ ಜೆಲ್ ತೊಳೆದುಹೋಗುತ್ತದೆ.

ನೀಲಿ ಜೆಲ್ ಚೆಂಡಿನಂತೆ ಪುಟಿಸುತ್ತದೆ. ಎಷ್ಟು ಎತ್ತರದಿಂದ ಬಿದ್ದಿರೋ ಅಷ್ಟೇ ಎತ್ತರಕ್ಕೆ ಏರುತ್ತೀರಿ, ಆದ್ದರಿಂದ ಮೇಲಿನ ಜಗುಲಿಗೆ ಹೋಗಬೇಕಾದರೆ ಮೊದಲು ಇನ್ನೊಂದು ಮೇಲಿನ ಜಗುಲಿಯಿಂದ ಬೀಳಬೇಕು. ಪುಟಿಯುವುದು ಬೇಡವಾದಾಗ ಕುಕ್ಕರುಗಾಲಿನ ಕೀಲಿಯನ್ನು ಹಿಡಿದುಕೊಳ್ಳಿ. ಕಿತ್ತಳೆ ಜೆಲ್ ಓಟದ ವೇಗ ಹೆಚ್ಚಿಸುತ್ತದೆ. ಇದರ ಬಳಕೆಯಲ್ಲಿ ಆಗುವ ತಪ್ಪು ಒಂದೇ: ಓಟದ ಪಟ್ಟಿಯನ್ನು ಗಿಡ್ಡವಾಗಿ ಬಳಿಯುವುದು. ಹಿಂದಿನ ಗೋಡೆಯ ಬುಡದಿಂದಲೇ ಬಳಿದು, ಬೆನ್ನು ಗೋಡೆಗೆ ತಾಗುವಷ್ಟು ಹಿಂದೆ ಹೋಗಿ ಓಡಿ. ಓಟದ ಕೊನೆಗೆ ಗೋಡೆಯಲ್ಲೊಂದು ಪೋರ್ಟಲ್ ಇದ್ದರೆ ಆ ವೇಗವೂ ಎಸೆತವೇ.

ಬಿಳಿ ಜೆಲ್ ಮೂರನೆಯದು. ಅದು ಬಿದ್ದ ಜಾಗವೆಲ್ಲ ಪೋರ್ಟಲ್ ಹತ್ತುವ ಜಾಗವಾಗುತ್ತದೆ. ಇಲ್ಲಿಯವರೆಗೆ ಬಿಳಿ ಜಾಗವನ್ನು ಹುಡುಕುತ್ತಿದ್ದ ನೀವು ಈಗ ಅದನ್ನು ಸೃಷ್ಟಿಸಬಲ್ಲಿರಿ; ಆದ್ದರಿಂದ ಬಿಳಿ ಜೆಲ್ ಇರುವ ಗೋಳದಲ್ಲಿ ಮೊದಲ ಪ್ರಶ್ನೆ ಎಲ್ಲಿ ಬಿಳಿ ಇದೆ ಎಂಬುದಲ್ಲ, ಎಲ್ಲಿ ಇರಬೇಕಿತ್ತು ಎಂಬುದು. ಪ್ರಯೋಗಾಲಯದ ಸ್ಥಾಪಕ ಕೇವ್ ಜಾನ್ಸನ್‌ನ ಹಳೆಯ ಧ್ವನಿಮುದ್ರಣಗಳು ಧ್ವನಿವರ್ಧಕಗಳಲ್ಲಿ ಬರುತ್ತಿರುತ್ತವೆ, ದನಿ ಜೆ. ಕೆ. ಸಿಮನ್ಸ್ ಅವರದು. ಅವುಗಳನ್ನು ನಿಂತು ಕೇಳಿ. ಏಳು ಕೋಟಿ ಡಾಲರ್‌ಗಳ ಚಂದ್ರಶಿಲೆ ತರಿಸಿ, ಪುಡಿ ಮಾಡಿ, ಜೆಲ್‌ಗೆ ಬೆರೆಸಿದೆವು. ಆ ಪುಡಿ ವಿಷ, ಅದರಿಂದಲೇ ನಾನು ಸಾಯುತ್ತಿದ್ದೇನೆ, ಆದರೂ ಪೋರ್ಟಲ್‌ಗೆ ಅದು ಅದ್ಭುತ ವಾಹಕ ಎಂದು ಆತ ಹೇಳುವ ಮಾತನ್ನು ನಗುತ್ತಾ ಮರೆತುಬಿಡುವವರು ಆಟದ ಕೊನೆಯ ನಿಮಿಷದಲ್ಲಿ ಪರದಾಡುತ್ತಾರೆ.

ಎಂಟನೆಯ ಅಧ್ಯಾಯ

ಆಲೂಗಡ್ಡೆಯಲ್ಲಿರುವ ಗ್ಲಾಡೋಸ್ ಈಗ ನಿಮ್ಮ ಗನ್ನಿನ ತುದಿಯಲ್ಲಿದೆ. ವೀಟ್ಲಿ ಕಟ್ಟಿದ ಕೋಣೆಗಳು ಅವನ ಹಾಗೆಯೇ ಅಡ್ಡಾದಿಡ್ಡಿ. ಟರೆಟ್‌ಗೂ ಪೆಟ್ಟಿಗೆಗೂ ಮದುವೆ ಮಾಡಿಸಿದಂತಿರುವ, ಕುಂಟುತ್ತಾ ಹೋಗುವ ಜೀವಿಗಳು ಇಲ್ಲಿ ಸಿಗುತ್ತವೆ. ಎತ್ತಿಕೊಂಡರೆ ಕಾಲು ಮಡಿಸುತ್ತವೆ, ಗುಂಡಿಯ ಮೇಲಿಟ್ಟರೆ ಮಾಮೂಲಿ ಪೆಟ್ಟಿಗೆಯ ಕೆಲಸವನ್ನೇ ಮಾಡುತ್ತವೆ.

ಮುಖ್ಯ ಹೊಸ ವಸ್ತು ನೀಲಿ ಪ್ರವಾಹ. ಸುರುಳಿಯಂತೆ ತಿರುಗುವ ಈ ಬೆಳಕಿನ ಕೊಳವೆ ಮನುಷ್ಯರನ್ನೂ ಪೆಟ್ಟಿಗೆಗಳನ್ನೂ ಜೆಲ್ ಅನ್ನೂ ನಿಧಾನವಾಗಿ ಸಾಗಿಸುತ್ತದೆ. ದಿಕ್ಕು ಬದಲಿಸುವ ಗುಂಡಿ ಒತ್ತಿದರೆ ಕಿತ್ತಳೆಯಾಗಿ ಹಿಮ್ಮುಖ ಹರಿಯುತ್ತದೆ. ಮೂರು ಉಪಯೋಗಗಳನ್ನು ನೆನಪಿಡಿ. ಒಂದು, ಪ್ರವಾಹದೊಳಗೆ ತೇಲುತ್ತಿರುವಾಗಲೇ ಗುರಿಯಿಟ್ಟು ಪೋರ್ಟಲ್ ಬದಲಾಯಿಸಬಹುದು, ಎಂದರೆ ದಾರಿಯಲ್ಲೇ ದಾರಿ ಬದಲಿಸಬಹುದು. ಎರಡು, ಹಾರಿಸುವ ಹಲಗೆ ನಿಮ್ಮನ್ನು ಮೇಲಕ್ಕೆ ಎಸೆದಾಗ ಗಾಳಿಯಲ್ಲಿ ಅಡ್ಡ ಹಾಯುವ ಪ್ರವಾಹ ಬಲೆಯಂತೆ ಹಿಡಿಯುತ್ತದೆ. ಮೂರು, ಪೋರ್ಟಲ್ ತೆಗೆದರೆ ಪ್ರವಾಹ ನಿಂತು ಒಳಗಿದ್ದದ್ದು ಕೆಳಗೆ ಬೀಳುತ್ತದೆ. ಮೂರನೆಯ ಅಧ್ಯಾಯದ ಚಾಪೆ ಎಳೆಯುವ ಪಾಠವೇ ಇಲ್ಲಿ ಜೆಲ್‌ಗೆ ಅನ್ವಯಿಸುತ್ತದೆ. ಜೆಲ್ಲಿನ ಗುಳ್ಳೆ ಬೇಕಾದ ಜಾಗದ ನೆತ್ತಿಗೆ ಬಂದಾಗ ಪ್ರವಾಹವನ್ನು ಕಡಿದುಬಿಡಿ.

ಒಂಬತ್ತನೆಯ ಅಧ್ಯಾಯ: ಕೊನೆಯ ಕಾಳಗ, ಹೆಜ್ಜೆ ಹೆಜ್ಜೆಯಾಗಿ

ವೀಟ್ಲಿಯ ಬಲೆಯಿಂದ ತಪ್ಪಿಸಿಕೊಳ್ಳಲು ಬಿಳಿ ಜೆಲ್ ಚೆಲ್ಲಿದ ಜಾಗವನ್ನೇ ನೋಡಿಕೊಳ್ಳಿ. ಅಲ್ಲಿಂದ ಅವನ ಕೋಣೆಯವರೆಗಿನ ದಾರಿ ಓಟದ ದಾರಿ, ಒಗಟುಗಳು ಚಿಕ್ಕವು.

ಕೋಣೆಗೆ ಬಂದ ಕೂಡಲೇ ವೀಟ್ಲಿ ತನ್ನ ನಾಲ್ಕು ಅಂಶಗಳ ಯೋಜನೆಯನ್ನು ತಾನೇ ಒಪ್ಪಿಸುತ್ತಾನೆ: ಪೋರ್ಟಲ್ ಹತ್ತುವ ಜಾಗ ಇಲ್ಲ, ವಿಷಾನಿಲ ಮೊದಲೇ ಬಿಡುವುದು, ತನಗೆ ಬಾಂಬ್ ತಗಲದ ಕವಚ, ಮತ್ತು ನಿಮ್ಮ ಮೇಲೆ ಎಸೆಯಲು ಬಾಂಬ್. ಅವನು ಮರೆತದ್ದು ಕೋಣೆಯನ್ನು ಹಾದುಹೋಗುವ ಪಾರದರ್ಶಕ ಕೊಳವೆಯನ್ನು. ಅದರೊಳಗೆ ಬಿಳಿ ಜೆಲ್ ಹರಿಯುತ್ತಿದೆ.

ಮೊದಲ ಹೆಜ್ಜೆ, ಆ ಕೊಳವೆಯ ಮುಂದೆ ವೀಟ್ಲಿಗೆ ಕಾಣುವಂತೆ ನಿಂತುಕೊಳ್ಳಿ. ಬಾಂಬುಗಳು ನೀವಿರುವ ಕಡೆಗೇ ಬರುತ್ತವೆ. ಅದು ಹೊರಟ ಕೂಡಲೇ ಪಕ್ಕಕ್ಕೆ ಸರಿಯಿರಿ. ಕೊಳವೆ ಒಡೆದು ಜೆಲ್ ನೆಲಕ್ಕೂ ಗೋಡೆಗೂ ಚೆಲ್ಲುತ್ತದೆ.

ಎರಡನೆಯದು ಬಾಂಬನ್ನು ಅವನಿಗೇ ತಿರುಗಿಸುವುದು. ಕವಚಗಳು ಮುಂಭಾಗವನ್ನು ಮುಚ್ಚುತ್ತವೆ, ಅವನು ಸದಾ ನಿಮ್ಮ ಕಡೆಗೆ ತಿರುಗುತ್ತಾನೆ. ಆದ್ದರಿಂದ ಪೆಟ್ಟು ಅವನ ಬೆನ್ನಿನ ಕಡೆಯಿಂದ ಬರಬೇಕು. ಅವನ ಹಿಂದಿನ ಬಿಳಿ ಜಾಗದಲ್ಲಿ ಒಂದು ಪೋರ್ಟಲ್ ಹಾಕಿ, ಇನ್ನೊಂದನ್ನು ನಿಮ್ಮ ಎದುರು ಬಾಂಬ್ ಬೀಳುವ ದಾರಿಯಲ್ಲಿ ಹಾಕಿ, ಅದರ ಹಿಂದೆ ನಿಂತು ಕಾಯಿರಿ. ಬಾಂಬ್ ಒಂದರೊಳಗೆ ಹೊಕ್ಕು ಇನ್ನೊಂದರಿಂದ ಹೊರಟು ಅವನಿಗೆ ಬಡಿಯುತ್ತದೆ. ಆತುರ ಬೇಡ, ಮೊದಲ ಬಾಂಬನ್ನು ಸುಮ್ಮನೆ ಬಿಟ್ಟು ಅದು ಬರುವ ಕೋನವನ್ನು ಗಮನಿಸಿ, ಎರಡನೆಯದಕ್ಕೆ ಪೋರ್ಟಲ್ ಸರಿಹೊಂದಿಸಿದರೆ ಸಾಕು.

ಪೆಟ್ಟು ತಿಂದ ವೀಟ್ಲಿ ಸ್ವಲ್ಪ ಹೊತ್ತು ಮಂಕಾಗಿ ನೇತಾಡುತ್ತಾನೆ. ಆಗ ಗ್ಲಾಡೋಸ್ ಒಂದು ಕೆಟ್ಟ ಕೋರ್ ಅನ್ನು, ಎಂದರೆ ವೀಟ್ಲಿಯಂಥದೇ ಇನ್ನೊಂದು ಗೋಲಾಕಾರದ ರೋಬಾಟ್ ಅನ್ನು, ಕೋಣೆಗೆ ಕಳಿಸುತ್ತದೆ. ಅದನ್ನು ಹೋಗಿ ಎತ್ತಿಕೊಂಡು ಬಂದು ಅವನ ಮೈಗೆ ಸಿಕ್ಕಿಸುವುದು ಮೂರನೆಯ ಹೆಜ್ಜೆ. ಇಂಥವು ಮೂರು: ಬಾಹ್ಯಾಕಾಶದ ಹುಚ್ಚಿನದು, ಸಾಹಸದ ಬಡಾಯಿಯದು, ಅರ್ಧಂಬರ್ಧ ಸತ್ಯಗಳನ್ನು ಉದುರಿಸುವುದು. ಒಂದು ಸಿಕ್ಕಿಸಿದ ಮೇಲೆ ವೀಟ್ಲಿ ಎಚ್ಚೆತ್ತು ಕವಚದ ಜಾಗ ಬದಲಾಯಿಸುತ್ತಾನೆ, ನೀವು ಪೋರ್ಟಲ್‌ಗಳ ಜಾಗ ಬದಲಾಯಿಸಬೇಕು. ಎರಡನೆಯದೂ ಮೂರನೆಯದೂ ನೇರ ನಡೆದು ಹೋಗಿ ತೆಗೆಯುವಂತಿರುವುದಿಲ್ಲ. ಆ ಹೊತ್ತಿಗೆ ಕೋಣೆಯಲ್ಲಿ ಬೇರೆ ಬಣ್ಣದ ಜೆಲ್ ಯಾವುದು ಕಾಣುತ್ತಿದೆಯೋ ಅದರಿಂದಲೇ ಪುಟಿದೋ ಓಡಿಯೋ ಕೋರ್ ಇರುವಲ್ಲಿಗೆ ತಲಪಬೇಕು. ವಿಷಾನಿಲದ ಗಡಿಯಾರ ಓಡುತ್ತಿರುತ್ತದೆ, ಆದರೆ ಗಾಬರಿಯಾಗುವಷ್ಟು ಬಿಗಿಯಾಗಿಲ್ಲ.

ಮೂರೂ ಸೇರಿದ ಮೇಲೆ ಐದನೆಯ ಅಧ್ಯಾಯದ ಅದೇ ಗುಂಡಿಯ ಕಡೆಗೆ ಹೋಗಲು ಆಟ ಹೇಳುತ್ತದೆ. ಹೋಗಿ. ಅಲ್ಲಿ ವೀಟ್ಲಿ ಬಾಂಬುಗಳ ಬಲೆ ಒಡ್ಡಿದ್ದಾನೆ. ಸ್ಫೋಟದಲ್ಲಿ ಚೆಲ್ ಹಿಂದಕ್ಕೆ ಬಿದ್ದು, ಚಾವಣಿ ಕುಸಿದು, ರಾತ್ರಿಯ ಆಕಾಶ ಕಾಣುತ್ತದೆ. ಎದ್ದು ನಡೆಯಲು ಆಗದು, ಗನ್ ಮಾತ್ರ ಕೈಯಲ್ಲಿದೆ. ಈ ಹೊತ್ತಿನಲ್ಲಿ ಕೋಣೆಯ ಗೋಡೆಗಳಿಗೆ ಹೊಡೆಯುತ್ತಾ ಕಾಲ ಕಳೆಯಬೇಡಿ. ಒಡೆದ ಚಾವಣಿಯ ಸಂದಿಯಲ್ಲಿ ಹುಣ್ಣಿಮೆಯ ಚಂದ್ರ ನಿಂತಿದ್ದಾನೆ, ಬೆಳ್ಳಗೆ. ಬಿಳಿ ಜೆಲ್ ಯಾವುದರ ಪುಡಿ ಎಂದು ಕೇವ್ ಜಾನ್ಸನ್ ಹೇಳಿದ್ದ? ಗುರಿಯ ಚಿಹ್ನೆಯನ್ನು ಅಲ್ಲಿಗೆ ತಂದು ಗುಂಡಿ ಒತ್ತಿ. ಯಾವ ಬಣ್ಣದ ಪೋರ್ಟಲ್ ಆದರೂ ಆಗುತ್ತದೆ. ಅದು ಚಂದ್ರನನ್ನು ಮುಟ್ಟಲು ಒಂದೆರಡು ಕ್ಷಣ ಹಿಡಿಯುತ್ತದೆ, ಆ ಮೌನದಲ್ಲಿ ಕೈ ತಪ್ಪಿತೇನೋ ಎಂದುಕೊಂಡು ಮತ್ತೆ ಮತ್ತೆ ಒತ್ತಬೇಡಿ. ಅಲ್ಲಿಂದ ಮುಂದಿನದನ್ನು ನೋಡುತ್ತಾ ಕೂರುವುದಷ್ಟೇ ನಿಮ್ಮ ಕೆಲಸ.

ಇಬ್ಬರಿದ್ದರೆ

ಮುಖ್ಯ ಕಥೆ ಮುಗಿದ ಮೇಲೆ ಅಟ್ಲಾಸ್ ಮತ್ತು ಪಿ-ಬಾಡಿ ಎಂಬ ಎರಡು ರೋಬಾಟ್‌ಗಳ ಇಬ್ಬರಾಟವಿದೆ. ಒಂದೇ ಪರದೆಯನ್ನು ಎರಡಾಗಿ ಹಂಚಿಕೊಂಡೂ ಆಡಬಹುದು. ಒಬ್ಬೊಬ್ಬರಿಗೂ ತಮ್ಮದೇ ಜೋಡಿ ಪೋರ್ಟಲ್ ಇರುವುದರಿಂದ ಒಟ್ಟು ನಾಲ್ಕು ಕಂಡಿಗಳು. ಒಬ್ಬರು ಮೊದಲೇ ಮುಗಿಸಿದವರಾಗಿದ್ದರೆ ಅವರು ಬಾಯಿ ಬಿಡಬಾರದೆಂದು ಮೊದಲೇ ಮಾತಾಡಿಕೊಳ್ಳಿ. ಇಬ್ಬರೂ ಒಂದೇ ಕ್ಷಣದಲ್ಲಿ ಗುಂಡಿ ಒತ್ತಬೇಕಾದ ಕಡೆ "ಒಂದು, ಎರಡು, ಮೂರು" ಎಂದು ಕೂಗುವ ಬದಲು ಆಟದಲ್ಲೇ ಇರುವ ಹಿಂದೆಣಿಕೆಯ ಗಡಿಯಾರವನ್ನು ಬಳಸಿ. "ಮೂರು ಅಂದಾಗಲೋ, ಅಂದ ಮೇಲೋ" ಎಂಬ ಜಗಳ ತಪ್ಪುತ್ತದೆ.